‘ತಕ್ಕದ್ದು’ ಎಲ್ಲಿದೆ ನೋಡಿ: ಹವಾಮಾನದ ಅಂತರರಾಷ್ಟ್ರೀಯ ಕಾನೂನು ಓದಲು ಹೊರಟವರಿಗೆ

2015ರ ಡಿಸೆಂಬರ್ 12, ಶನಿವಾರ. ಪ್ಯಾರಿಸ್ ಹೊರವಲಯದ ಸಭಾಂಗಣದಲ್ಲಿ ಸುಮಾರು ಇನ್ನೂರು ದೇಶಗಳ ಪ್ರತಿನಿಧಿಗಳು ಅಧ್ಯಕ್ಷರ ಸುತ್ತಿಗೆ ಬೀಳುವುದನ್ನೇ ಕಾಯುತ್ತ ಕುಳಿತಿದ್ದರು. ಸಭೆ ಮಾತ್ರ ಶುರುವಾಗಲೊಲ್ಲದು. ತಡೆದು ನಿಲ್ಲಿಸಿದ್ದು ಒಂದು ಪದ. ಹವಾಮಾನ ಒಪ್ಪಂದದ ಅಂತಿಮ ಕರಡಿನ 4ನೇ ವಿಧಿಯ 4ನೇ ಪ್ಯಾರಾದಲ್ಲಿ, ಮುಂದುವರಿದ ದೇಶಗಳು ಹಸಿರುಮನೆ ಅನಿಲಗಳ ಹೊರಸೂಸುವಿಕೆ ಇಳಿಸುವುದರಲ್ಲಿ ಮುಂದಾಳುಗಳಾಗಿರಬೇಕು ಎನ್ನುವ ಜಾಗದಲ್ಲಿ ‘ಶುಡ್’ ಇರಬೇಕಾದಲ್ಲಿ ‘ಶಲ್’ ಕುಳಿತಿತ್ತು. ಅಮೆರಿಕದ ನಿಯೋಗದ ಕಣ್ಣಿಗೆ ಅದು ಬಿತ್ತು. ‘ಶಲ್’ ಎಂದರೆ ಕಟ್ಟುಪಾಡು. ಅಂಥ ಕಟ್ಟುಪಾಡಿಗೆ ಅವರ ಸೆನೆಟ್ಟಿನ ಒಪ್ಪಿಗೆ ಬೇಕಾಗುತ್ತಿತ್ತು, ಅದು ಸಿಗುವ ಮಾತೇ ಇರಲಿಲ್ಲ. ತೆರೆಮರೆಯಲ್ಲಿ ಒಂದಷ್ಟು ಓಡಾಟ ನಡೆಯಿತು. ಕೊನೆಗೆ ಸಚಿವಾಲಯದ ಅಧಿಕಾರಿಯೊಬ್ಬರು ಕರಡಿನ ಸಣ್ಣಪುಟ್ಟ ತಿದ್ದುಪಡಿಗಳ ಪಟ್ಟಿ ಓದುವಾಗ ನಡುವೆ ಇದನ್ನೂ ಓದಿದರು. ಸುತ್ತಿಗೆ ಬಿತ್ತು, ಪ್ಯಾರಿಸ್ ಒಪ್ಪಂದ ಹುಟ್ಟಿತು.

ಈ ವ್ಯತ್ಯಾಸ ಹಿಡಿಯಲು ಕನ್ನಡಿಗರಿಗೆ ಕಷ್ಟವೇನಿಲ್ಲ. ನಮ್ಮ ಕಾಯ್ದೆ ಪುಸ್ತಕಗಳ ಕನ್ನಡದಲ್ಲಿ ‘ಸಲ್ಲಿಸತಕ್ಕದ್ದು’ ಎಂದಿದ್ದರೆ ಅದು ‘ಶಲ್’, ತಪ್ಪಿಸುವಂತಿಲ್ಲ. ‘ಸಲ್ಲಿಸಬೇಕು’ ಎನ್ನುವುದು ಆಡುಮಾತಿನಲ್ಲಿ ಎಷ್ಟೇ ಜೋರಾಗಿ ಕೇಳಿದರೂ ಇಲ್ಲಿ ‘ಶುಡ್’ ಎಂದೇ ಇಟ್ಟುಕೊಳ್ಳಿ. ‘ಸಲ್ಲಿಸಬಹುದು’ ಎಂದರೆ ಅವರವರ ಇಷ್ಟ. ಹವಾಮಾನ ಕಾನೂನಿನ ಅರ್ಧ ಜಗಳ ಈ ಮೂರು ಪ್ರತ್ಯಯಗಳ ನಡುವೆಯೇ ನಡೆಯುತ್ತದೆ. ಉಳಿದರ್ಧ ಎಲ್ಲಿ ನಡೆಯುತ್ತದೆ ಎಂಬುದನ್ನು ಮುಂದೆ ನೋಡೋಣ.

ಕಾನೂನು ವಿದ್ಯಾರ್ಥಿಗಳು, ವರದಿಗಾರರು, ಪರಿಸರದ ಕೆಲಸದಲ್ಲಿರುವವರು, ಸುಮ್ಮನೆ ಕುತೂಹಲ ಇರುವವರು, ಯಾರು ಬೇಕಾದರೂ ಈ ದಾರಿಯಲ್ಲಿ ಹೋಗಬಹುದು. ವಾರಕ್ಕೆ ಐದಾರು ಗಂಟೆ ಕೊಟ್ಟರೆ ನಾಲ್ಕೈದು ತಿಂಗಳಲ್ಲಿ ಒಂದು ಹಿಡಿತ ಸಿಗುತ್ತದೆ. ಕಾನೂನು ಪದವಿ ಇರಲೇಬೇಕೆಂದಿಲ್ಲ. ಇಂಗ್ಲಿಷ್ ಮೂಲ ಪಠ್ಯ ಓದುವ ತಾಳ್ಮೆ ಮಾತ್ರ ಬೇಕು. ಈ ಒಡಂಬಡಿಕೆಗಳ ಅಧಿಕೃತ ಪಠ್ಯ ಇರುವುದು ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ, ಕನ್ನಡ ಅವುಗಳಲ್ಲಿ ಇಲ್ಲ. ಓದು ಇಂಗ್ಲಿಷಿನಲ್ಲಿ ನಡೆದರೂ ಟಿಪ್ಪಣಿ ಕನ್ನಡದಲ್ಲಿರಲಿ. ನಿಮಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಟಿಪ್ಪಣಿ ಬರೆಯುವಾಗ ತಾನಾಗಿ ಬಯಲಾಗುತ್ತದೆ.

ಮೊದಲೇ ನನ್ನ ಪೆಟ್ಟು ಹೇಳಿಬಿಡುತ್ತೇನೆ. ಓದು ಶುರುಮಾಡಿದ ಹೊಸದರಲ್ಲಿ ನಾನು ಒಪ್ಪಂದಗಳ ಬಗ್ಗೆ ಬಂದ ಲೇಖನಗಳನ್ನು ಗುಡ್ಡೆ ಹಾಕಿಕೊಂಡು ಓದಿದ್ದೆ, ಒಪ್ಪಂದವನ್ನು ಓದಿರಲಿಲ್ಲ. ಒಂದು ಅಧ್ಯಯನ ಕೂಟದಲ್ಲಿ ಎದ್ದು ನಿಂತು, ಪ್ಯಾರಿಸ್ ಗುರಿ ತಪ್ಪಿದ ದೇಶಕ್ಕೆ ದಂಡ ಬೀಳುತ್ತದೆ ಎಂದುಬಿಟ್ಟೆ. ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದ್ದು ಎರಡೇ ಪದ: “ಯಾವ ವಿಧಿ?” ನನ್ನ ಬಾಯಿ ಕಟ್ಟಿತು. ಅಂಥ ವಿಧಿಯೇ ಇಲ್ಲ. 15ನೇ ವಿಧಿ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ: ಪಾಲನೆ ನೋಡಿಕೊಳ್ಳುವ ಸಮಿತಿ ನೆರವಾಗುವಂಥದ್ದು, ಅದು ಜಗಳಕ್ಕೆ ನಿಲ್ಲದೆ, ದಂಡಿಸದೆ ಕೆಲಸ ಮಾಡತಕ್ಕದ್ದು. ಅವತ್ತಿನಿಂದ ಯಾರು ಏನೇ ಹೇಳಲಿ, ‘ಯಾವ ವಿಧಿ?’ ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ.

ಹೆಜ್ಜೆ 1: ತಳಪಾಯಕ್ಕೆ ಎರಡು ವಾರ

ಹವಾಮಾನವನ್ನು ಮುಟ್ಟುವ ಮೊದಲು ಅಂತರರಾಷ್ಟ್ರೀಯ ಕಾನೂನು ಎಂದರೇನು ಎಂಬುದು ಸ್ವಲ್ಪ ಗೊತ್ತಿರಬೇಕು. ಮೂರು ಪಠ್ಯಗಳು ಸಾಕು. ಮೊದಲನೆಯದು ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ. ಕಾನೂನು ಎಲ್ಲಿಂದ ಬರುತ್ತದೆ ಎಂದು ಹೇಳುವುದು ಅದೇ: ಒಡಂಬಡಿಕೆ, ರೂಢಿ, ಸಾಮಾನ್ಯ ತತ್ತ್ವಗಳು. ತೀರ್ಪುಗಳು ಮತ್ತು ಪಂಡಿತರ ಬರಹಗಳು ಸಹಾಯಕ್ಕೆ ಮಾತ್ರ. ಎರಡನೆಯದು ಒಡಂಬಡಿಕೆಗಳ ಕಾನೂನಿನ ಬಗ್ಗೆ 1969ರ ವಿಯೆನ್ನಾ ಒಡಂಬಡಿಕೆ. ಅದರ 26ನೇ ವಿಧಿ ಕೊಟ್ಟ ಮಾತು ಉಳಿಸಿಕೊಳ್ಳತಕ್ಕದ್ದು ಎನ್ನುತ್ತದೆ, 31 ಮತ್ತು 32 ಪಠ್ಯವನ್ನು ಅರ್ಥೈಸುವ ಬಗೆ ತಿಳಿಸುತ್ತವೆ. ಮೂರನೆಯದು ದೇಶಗಳ ಹೊಣೆಗಾರಿಕೆ ಕುರಿತು ಅಂತರರಾಷ್ಟ್ರೀಯ ಕಾನೂನು ಆಯೋಗ 2001ರಲ್ಲಿ ಮುಗಿಸಿದ ವಿಧಿಗಳು. ಈ ಮೂರನೆಯದು ಈಗ ಒಣಒಣ ಅನಿಸುತ್ತದೆ. ಅರ್ಥವಾಗದಿದ್ದರೆ ಬಿಟ್ಟು ಮುಂದೆ ಹೋಗಿ, ಐದನೇ ಹೆಜ್ಜೆಗೆ ಬಂದಾಗ ಅದೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ವಿಶ್ವಸಂಸ್ಥೆಯ ಆಡಿಯೊವಿಶುವಲ್ ಲೈಬ್ರರಿಯಲ್ಲಿ ಈ ವಿಷಯಗಳ ಮೇಲೆ ಒಳ್ಳೆಯ ಉಪನ್ಯಾಸಗಳಿವೆ, ಕಾಸು ಕೊಡಬೇಕಿಲ್ಲ.

ಸಹಿ, ಅನುಮೋದನೆ, ಜಾರಿ ಮೂರೂ ಬೇರೆ ಬೇರೆ. ಪತ್ರಿಕೆಗಳು ಎಲ್ಲವನ್ನೂ ‘ಸಹಿ ಹಾಕಿತು’ ಎಂದು ಒಂದೇ ಚೀಲಕ್ಕೆ ತುಂಬುತ್ತವೆ. ಮುಂದುವರಿದ ದೇಶಗಳಿಗೆ ಹೊರಸೂಸುವಿಕೆಯ ಗುರಿ ಹಾಕಿದ ಕ್ಯೋಟೊ ಪ್ರೋಟೊಕಾಲ್‌ಗೆ ಅಮೆರಿಕ 1998ರಲ್ಲಿ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಹಾಗಾಗಿ ಅದರ ಗುರಿಗಳು ಅಮೆರಿಕವನ್ನು ಕಟ್ಟಿಹಾಕಲಿಲ್ಲ. ಕೆನಡಾ ಅನುಮೋದಿಸಿತ್ತು, 2011ರ ಡಿಸೆಂಬರ್‌ನಲ್ಲಿ ಹೊರಹೋಗುವ ಸೂಚನೆ ಕೊಟ್ಟು ವರ್ಷದ ನಂತರ ಹೊರಬಂತು. ಇನ್ನು ಅದೇ ಪ್ರೋಟೊಕಾಲ್ 1997ರ ಡಿಸೆಂಬರ್‌ನಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2005ರ ಫೆಬ್ರವರಿ 16ರಂದು, ರಷ್ಯಾ ಅನುಮೋದಿಸಿ, ಮುಂದುವರಿದ ದೇಶಗಳ ಹೊರಸೂಸುವಿಕೆಯಲ್ಲಿ ಶೇ 55ರ ಲೆಕ್ಕ ತುಂಬಿದ ಮೇಲೆ. ಪ್ಯಾರಿಸ್ ಒಪ್ಪಂದಕ್ಕೆ ಇದೇ ಕೆಲಸಕ್ಕೆ ವರ್ಷವೂ ಹಿಡಿಯಲಿಲ್ಲ, 2016ರ ನವೆಂಬರ್ 4ಕ್ಕೆ ಜಾರಿಯಾಯಿತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪ್ಯಾರಿಸ್ ಒಪ್ಪಂದದ 28ನೇ ವಿಧಿಯ ಪ್ರಕಾರ, ಒಂದು ದೇಶಕ್ಕೆ ಒಪ್ಪಂದ ಜಾರಿಯಾಗಿ ಮೂರು ವರ್ಷ ಕಳೆಯುವ ತನಕ ಹೊರಹೋಗುವ ಸೂಚನೆ ಕೊಡುವಂತಿಲ್ಲ, ಕೊಟ್ಟ ಮೇಲೆ ಇನ್ನೊಂದು ವರ್ಷ ಕಾಯತಕ್ಕದ್ದು. ಅಮೆರಿಕ ಹೊರಹೋಗುವುದಾಗಿ 2017ರಲ್ಲೇ ಘೋಷಿಸಿದರೂ ನಿಜವಾಗಿ ಹೊರಬಿದ್ದದ್ದು 2020ರ ನವೆಂಬರ್ 4ರಂದು ಏಕೆ? ಉತ್ತರ ವಿಧಿಯಲ್ಲೇ ಇದೆ. 2021ರ ಫೆಬ್ರವರಿಯಲ್ಲಿ ಅದು ಮರಳಿ ಸೇರಿತು, 2025ರ ಜನವರಿಯಲ್ಲಿ ಮತ್ತೆ ಸೂಚನೆ ಕೊಟ್ಟಿತು. ಈ ಎರಡನೇ ಸಲ ಎಷ್ಟು ದಿನ ಕಾಯಬೇಕು ಎಂದು ನೀವೇ ಎಣಿಸಿ.

ಹೆಜ್ಜೆ 2: ಮೂರು ಒಡಂಬಡಿಕೆ, ಒಂದು ಪೆನ್ಸಿಲ್

ಇದು ಇಡೀ ಓದಿನ ಹೊಟ್ಟೆ. ಇಲ್ಲಿಗೆ ಆರು ವಾರವಾದರೂ ಇಡಿ.

1992ರ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆಯಿಂದ ಶುರುಮಾಡಿ. ಯುಎನ್‌ಎಫ್‌ಸಿಸಿಸಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಇರುವುದು 26 ವಿಧಿ. 1994ರ ಮಾರ್ಚ್ 21ಕ್ಕೆ ಜಾರಿಗೆ ಬಂತು. ಇದನ್ನು ಹಳತಾಯಿತೆಂದು ದಾಟಿಸಿ ನೇರ ಪ್ಯಾರಿಸ್‌ಗೆ ಹಾರುವವರು ಬಹಳ. ಪ್ಯಾರಿಸ್ ಒಪ್ಪಂದದ ಅರ್ಧ ಮಾತುಗಳಿಗೆ ಬೇರು ಇಲ್ಲಿದೆ. 2ನೇ ವಿಧಿ ಗುರಿ ಹೇಳುತ್ತದೆ: ಹವಾಮಾನ ವ್ಯವಸ್ಥೆಯಲ್ಲಿ ಮನುಷ್ಯರ ಅಪಾಯಕಾರಿ ಹಸ್ತಕ್ಷೇಪ ಆಗದ ಮಟ್ಟಕ್ಕೆ ಹಸಿರುಮನೆ ಅನಿಲಗಳ ಸಾಂದ್ರತೆಯನ್ನು ನಿಲ್ಲಿಸುವುದು. ಎಷ್ಟು ಡಿಗ್ರಿ ಎಂದು ಅಲ್ಲಿ ಇಲ್ಲ. 3ನೇ ವಿಧಿಯಲ್ಲಿ ಆ ಪ್ರಸಿದ್ಧ ತತ್ತ್ವ ಇದೆ. ನನ್ನ ಟಿಪ್ಪಣಿಯಲ್ಲಿ ಅದನ್ನು ‘ಹೊಣೆ ಎಲ್ಲರದು, ಪಾಲು ಅವರವರದು’ ಎಂದು ಬರೆದುಕೊಂಡಿದ್ದೇನೆ. 4ನೇ ವಿಧಿಯಲ್ಲಿ ಯಾರು ಏನು ಮಾಡತಕ್ಕದ್ದು ಎಂಬ ಪಟ್ಟಿ, ಕೊನೆಗೆ ದೇಶಗಳನ್ನು ವಿಂಗಡಿಸುವ ಅನುಬಂಧಗಳು. ದೇಶಗಳನ್ನು ಹೀಗೆ ಗೆರೆ ಎಳೆದು ಎರಡು ಕಡೆ ಕೂರಿಸಿದ್ದೇ ಮುಂದಿನ ಮೂರು ದಶಕಗಳ ಜಟಾಪಟಿಗೆ ಮೂಲ.

ಕ್ಯೋಟೊವನ್ನು ಬೇಗ ಓದಿ ಮುಗಿಸಿ. ಮುಂದುವರಿದ ದೇಶಗಳಿಗೆ ಅಂಕಿಯಲ್ಲಿ ಗುರಿ ಕೊಟ್ಟದ್ದು ಇದೇ ಮೊದಲು: 2008ರಿಂದ 2012ರ ಅವಧಿಯಲ್ಲಿ ಒಟ್ಟಾರೆ ಹೊರಸೂಸುವಿಕೆ 1990ರ ಮಟ್ಟಕ್ಕಿಂತ ಶೇ 5ರಷ್ಟಾದರೂ ಕೆಳಗಿರಬೇಕಿತ್ತು. ಎರಡನೇ ಅವಧಿಗೆ ದೋಹಾದಲ್ಲಿ 2012ರಲ್ಲಿ ತಿದ್ದುಪಡಿಯಾಯಿತು, ಅದು ಜಾರಿಗೆ ಬಂದದ್ದು 2020ರ ಡಿಸೆಂಬರ್ 31ಕ್ಕೆ. ಎರಡನೇ ಅವಧಿ ಮುಗಿದದ್ದೂ ಅವತ್ತೇ! ಈ ಒಂದು ದಿನಾಂಕ ಗೊತ್ತಿದ್ದರೆ ಕ್ಯೋಟೊದ ಮಾದರಿ ಏಕೆ ಬದಿಗೆ ಸರಿಯಿತು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಆಮೇಲೆ ಪ್ಯಾರಿಸ್, 29 ವಿಧಿ. ಇದನ್ನು ಮೂರು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ಪೆನ್ಸಿಲ್ ಹಿಡಿದು ಪ್ರತಿಯೊಂದು ಕ್ರಿಯಾಪದದ ಕೆಳಗೆ ಗೆರೆ ಎಳೆಯುತ್ತ. ಮೂರನೇ ಸಲ ಒಂದು ಹಾಳೆಯ ಮೇಲೆ ಅಂಕಣ ಹಾಕಿ: ವಿಧಿ, ಯಾರು, ಯಾವ ಕ್ರಿಯಾಪದ, ಏನನ್ನು. ‘ಯಾರು’ ಎಂಬ ಅಂಕಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಪ್ರತಿಯೊಂದು ದೇಶ’ ಎಂದರೆ ಒಬ್ಬೊಬ್ಬರ ಮೇಲೂ ಹೊರೆ. ‘ದೇಶಗಳು’ ಎಂದರೆ ಹೊರೆ ಗುಂಪಿನ ಮೇಲೆ, ಯಾರ ಹೆಗಲೆಂದು ತೋರಿಸುವುದು ಕಷ್ಟ. ಕೆಲವು ವಾಕ್ಯಗಳಲ್ಲಿ ಕರ್ತೃವೇ ಇರುವುದಿಲ್ಲ.

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. 4ನೇ ವಿಧಿಯ 2ನೇ ಪ್ಯಾರಾ, ಎರಡೇ ವಾಕ್ಯ. ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗೆ: ‘ಪ್ರತಿಯೊಂದು ದೇಶವು ತಾನು ಸಾಧಿಸಲು ಉದ್ದೇಶಿಸಿರುವ, ಒಂದರ ನಂತರ ಒಂದರಂತೆ ಬರುವ ರಾಷ್ಟ್ರೀಯ ಕೊಡುಗೆಗಳನ್ನು ಸಿದ್ಧಪಡಿಸತಕ್ಕದ್ದು, ತಿಳಿಸತಕ್ಕದ್ದು ಮತ್ತು ಉಳಿಸಿಕೊಳ್ಳತಕ್ಕದ್ದು. ಅಂಥ ಕೊಡುಗೆಗಳ ಉದ್ದೇಶ ಈಡೇರಿಸುವ ಗುರಿಯೊಂದಿಗೆ ದೇಶಗಳು ಆಂತರಿಕ ಕ್ರಮಗಳನ್ನು ಅನುಸರಿಸತಕ್ಕದ್ದು.’

ಈಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸಿದ್ಧಪಡಿಸುವುದು ಕಡ್ಡಾಯವೇ? ಹೌದು. ತಿಳಿಸುವುದು? ಹೌದು. ಕ್ರಮ ಕೈಗೊಳ್ಳುವುದು? ಹೌದು. ಹೇಳಿದ್ದನ್ನು ಸಾಧಿಸುವುದು? ‘ಸಾಧಿಸು’ ಎಂಬ ಕ್ರಿಯಾಪದಕ್ಕೆ ‘ತಕ್ಕದ್ದು’ ಅಂಟಿಲ್ಲ. ಅದಕ್ಕೆ ಅಂಟಿರುವುದು ‘ಉದ್ದೇಶಿಸಿರುವ’. ಮದುವೆ ಕರೆಯೋಲೆ ಅಚ್ಚು ಹಾಕಿಸುವುದು ಕಡ್ಡಾಯ, ಮದುವೆಯಾಗುವುದು ಉದ್ದೇಶ ಎಂದಂತೆ! ಎನ್‌ಡಿಸಿ ಎಂದು ಕರೆಯುವ ಈ ರಾಷ್ಟ್ರೀಯ ಕೊಡುಗೆಯ ಮೇಲೆ ವರ್ಷಗಟ್ಟಲೆ ನಡೆದ ವಾದದ ಮೂಲ ಈ ಎರಡು ವಾಕ್ಯ. ಮುಂದಿನ 3ನೇ ಪ್ಯಾರಾ ಓದಿ: ಪ್ರತಿ ಹೊಸ ಕೊಡುಗೆ ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದೆ ಇರುತ್ತದೆ, ಸಾಧ್ಯವಾದಷ್ಟು ಉನ್ನತ ಆಕಾಂಕ್ಷೆಯನ್ನು ತೋರುತ್ತದೆ ಎನ್ನುತ್ತದೆ. ಅಲ್ಲಿ ‘ಶಲ್’ ಇಲ್ಲ, ‘ಶುಡ್’ ಇಲ್ಲ, ‘ವಿಲ್’ ಇದೆ. ಇದು ಅಪ್ಪಣೆಯೋ ನಿರೀಕ್ಷೆಯೋ? ನಿಮ್ಮ ಅಭಿಪ್ರಾಯವನ್ನು ಅಂಚಿನಲ್ಲಿ ಬರೆದಿಟ್ಟು ದಿನಾಂಕ ಹಾಕಿ. ಐದನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 3: ಕಾಪ್ ನಿರ್ಣಯಗಳ ಕಾಡು

ಪ್ರತಿ ವರ್ಷ ನಡೆಯುವ ದೇಶಗಳ ಸಮ್ಮೇಳನವನ್ನು ಕಾಪ್ ಎನ್ನುತ್ತಾರೆ. ಕಾಪ್‌ನ ನಿರ್ಣಯ ಸಾಮಾನ್ಯವಾಗಿ ಒಡಂಬಡಿಕೆಯಂತೆ ಕಟ್ಟಿಹಾಕುವುದಿಲ್ಲ, ಹಾಗೆಂದು ಬಿಸಾಡುವಂತೆಯೂ ಇಲ್ಲ. ಒಡಂಬಡಿಕೆಯೇ ‘ಇದರ ನಿಯಮಗಳನ್ನು ಸಮ್ಮೇಳನ ರೂಪಿಸತಕ್ಕದ್ದು’ ಎಂದು ಕೆಲಸ ಒಪ್ಪಿಸಿದ್ದರೆ ಆ ನಿರ್ಣಯದ ತೂಕ ಬೇರೆ. 2018ರಲ್ಲಿ ಕಟೊವೀಟ್ಸೆಯಲ್ಲಿ ಸಿದ್ಧವಾದ ಪ್ಯಾರಿಸ್ ನಿಯಮ ಪುಸ್ತಕದ ಬಹುಭಾಗ ಇಂಥದ್ದು.

ಸಂಖ್ಯೆ ಓದುವುದನ್ನು ಕಲಿಯಿರಿ. ‘1/ಸಿಪಿ.21’ ಎಂದರೆ ಮೂಲ ಒಡಂಬಡಿಕೆಯ 21ನೇ ಸಮ್ಮೇಳನದ ಮೊದಲ ನಿರ್ಣಯ. ‘1/ಸಿಎಂಎ.5’ ಎಂದರೆ ಪ್ಯಾರಿಸ್ ಒಪ್ಪಂದದ ದೇಶಗಳ ಐದನೇ ಕೂಟದ ಮೊದಲ ನಿರ್ಣಯ. ಸಭೆ ನಡೆಯುವಾಗ ಬರುವ ದಾಖಲೆಯ ಸಂಖ್ಯೆಯಲ್ಲಿ ‘ಎಲ್’ ಅಕ್ಷರ ಇದ್ದರೆ ಅದಿನ್ನೂ ಕರಡು. ಕರಡಿನಲ್ಲಿ ಚೌಕ ಆವರಣ ಕಂಡರೆ ಒಳಗಿನ ಮಾತಿಗೆ ಒಮ್ಮತ ಇಲ್ಲ ಎಂದು ತಿಳಿಯಿರಿ. ಎಷ್ಟೋ ಸುದ್ದಿಗಳು ಆವರಣದೊಳಗಿನ ಮಾತನ್ನೇ ತೀರ್ಮಾನವೆಂದು ಬರೆದು ನಗೆಪಾಟಲಾಗಿವೆ.

ಇಲ್ಲೂ ಕ್ರಿಯಾಪದವೇ ಯಜಮಾನ. ‘ನಿರ್ಧರಿಸುತ್ತದೆ’ ಎಲ್ಲಕ್ಕಿಂತ ಗಟ್ಟಿ. ‘ಒತ್ತಾಯಿಸುತ್ತದೆ’, ‘ಕರೆ ನೀಡುತ್ತದೆ’, ‘ಆಹ್ವಾನಿಸುತ್ತದೆ’ ಇಳಿಯುತ್ತ ಬರುತ್ತವೆ. 2009ರಲ್ಲಿ ಕೋಪನ್‌ಹೇಗನ್ ಸಮ್ಮೇಳನ ಅಲ್ಲಿನ ಒಪ್ಪಂದವನ್ನು ಅಂಗೀಕರಿಸಲಿಲ್ಲ, ‘ಗಮನಿಸಿತು’ ಅಷ್ಟೆ. 2021ರಲ್ಲಿ ಗ್ಲಾಸ್ಗೊದಲ್ಲಿ ಕೊನೇ ಗಳಿಗೆಗೆ ಕಲ್ಲಿದ್ದಲು ‘ನಿಲ್ಲಿಸುವುದು’ ಹೋಗಿ ‘ತಗ್ಗಿಸುವುದು’ ಬಂತು. 2023ರ ದುಬೈ ನಿರ್ಣಯದ 28ನೇ ಪ್ಯಾರಾ ಪಳೆಯುಳಿಕೆ ಇಂಧನದಿಂದ ದೂರ ಸರಿಯುವ ಮಾತಾಡಿತು, ಜಗತ್ತು ಹಬ್ಬ ಮಾಡಿತು. ಮೇಲಿನ ಸಾಲು ಓದಿ: ಜಾಗತಿಕ ಪ್ರಯತ್ನಗಳಿಗೆ ‘ಕೊಡುಗೆ ನೀಡುವಂತೆ ದೇಶಗಳಿಗೆ ಕರೆ ನೀಡುತ್ತದೆ’. ‘ಕರೆ’ ಮತ್ತು ‘ಕೊಡುಗೆ’, ಮೆತ್ತನೆಯ ಎರಡು ಹಾಸಿಗೆಯ ಮೇಲೆ ಆ ದೊಡ್ಡ ಮಾತನ್ನು ಮಲಗಿಸಿದ್ದಾರೆ.

ಇಷ್ಟು ಮೆತ್ತಗೆ ಏಕೆ ಎಂದರೆ, ಮತ ಹಾಕುವ ನಿಯಮವೇ ಈ ಸಮ್ಮೇಳನಕ್ಕಿಲ್ಲ. ಕಾರ್ಯವಿಧಾನದ ಕರಡು ನಿಯಮಗಳಲ್ಲಿ ಮತದಾನದ 42ನೇ ನಿಯಮಕ್ಕೆ ಒಪ್ಪಿಗೆ ಸಿಗದೆ ಆ ನಿಯಮಾವಳಿ ಇವತ್ತಿಗೂ ಅಂಗೀಕಾರವಾಗಿಲ್ಲ. ಹಾಗಾಗಿ ಎಲ್ಲವೂ ಒಮ್ಮತದಿಂದಲೇ ನಡೆಯಬೇಕು. ಎಲ್ಲರೂ ನುಂಗಬೇಕಾದ ಅನ್ನ ಮೆತ್ತಗೇ ಇರುತ್ತದೆ.

ಇಡೀ ಕಾಡು ಸುತ್ತಲು ಹೋಗಬೇಡಿ, ಒಂದು ಜಾಡು ಹಿಡಿಯಿರಿ. ನನಗೆ ಹಿಡಿಸಿದ್ದು ‘ನಷ್ಟ ಮತ್ತು ಹಾನಿ’ಯ ಜಾಡು. ಸಮುದ್ರ ಏರಿದರೆ ನಮಗೆ ವಿಮೆ ಬೇಕು ಎಂದು ಸಣ್ಣ ದ್ವೀಪ ದೇಶಗಳ ಪರವಾಗಿ ವನೌಟು 1991ರಲ್ಲೇ ಪ್ರಸ್ತಾವ ಇಟ್ಟಿತ್ತು. ಅದು ಬದಿಗೆ ಬಿತ್ತು. 2013ರಲ್ಲಿ ವಾರ್ಸಾದಲ್ಲಿ ಒಂದು ಕಾರ್ಯವ್ಯವಸ್ಥೆ ಬಂತು. 2015ರಲ್ಲಿ ಪ್ಯಾರಿಸ್ ಒಪ್ಪಂದದ 8ನೇ ವಿಧಿಯಾಯಿತು, ಆದರೆ ಜೊತೆಗಿದ್ದ ನಿರ್ಣಯದ 51ನೇ ಪ್ಯಾರಾ ಆ ವಿಧಿ ಹೊಣೆಗಾಗಲಿ ಪರಿಹಾರಕ್ಕಾಗಲಿ ಆಧಾರ ಆಗದು ಎಂದು ಬಾಗಿಲಿಗೆ ಚಿಲಕ ಹಾಕಿತು. 2022ರಲ್ಲಿ ಶರ್ಮ್ ಅಲ್ ಶೇಖ್‌ನಲ್ಲಿ ನಿಧಿಗೆ ಒಪ್ಪಿಗೆ, 2023ರಲ್ಲಿ ದುಬೈ ಸಭೆಯ ಮೊದಲ ದಿನವೇ ಅದಕ್ಕೆ ಚಾಲನೆ. ನಿಧಿಯ ಹೆಸರಿನಲ್ಲಿ ‘ಸ್ಪಂದಿಸುವ’ ಎಂದಿದೆ, ‘ಪರಿಹಾರ ಕೊಡುವ’ ಎಂದಿಲ್ಲ. ಇಂಥ ಒಂದು ಜಾಡನ್ನು ಕೊನೆಯ ತನಕ ನಡೆದವರಿಗೆ ಹಣಕಾಸು, ಇಂಗಾಲದ ಮಾರುಕಟ್ಟೆ ಮುಂತಾದ ಬೇರೆ ಜಾಡುಗಳನ್ನು ಓದುವುದು ಸಲೀಸು. ಸಂಧಾನದ ಮೇಜಿನಲ್ಲಿ ದಿನದಿನ ಏನಾಯಿತೆಂದು ತಿಳಿಯಲು ಅರ್ಥ್ ನೆಗೋಷಿಯೇಷನ್ಸ್ ಬುಲೆಟಿನ್‌ನ ಹಳೆಯ ಸಂಚಿಕೆಗಳಷ್ಟು ಒಳ್ಳೆಯ ದಾಖಲೆ ನಾನು ಕಂಡಿಲ್ಲ.

ಹೆಜ್ಜೆ 4: ಬೇಲಿಯಾಚೆ ನೋಡಿ

ಆಗಲೇ ಹೇಳಿದ ಉಳಿದರ್ಧ ಜಗಳ ನಡೆಯುವುದು ಇಲ್ಲಿ. ಹವಾಮಾನದ ಕಾನೂನು ಹವಾಮಾನದ ಹೆಸರಿರುವ ಒಡಂಬಡಿಕೆಗಳಲ್ಲಷ್ಟೇ ಇಲ್ಲ.

ಮೊದಲು ರೂಢಿಗತ ಕಾನೂನು. ಕೆನಡಾದ ಟ್ರೇಲ್ ಎಂಬಲ್ಲಿನ ಲೋಹದ ಕುಲುಮೆಯ ಹೊಗೆ ಗಡಿ ದಾಟಿ ಅಮೆರಿಕದ ಹೊಲಗಳನ್ನು ಕೆಡಿಸಿತು. 1941ರ ಮಧ್ಯಸ್ಥಿಕೆ ತೀರ್ಪು, ಯಾವ ದೇಶಕ್ಕೂ ತನ್ನ ನೆಲವನ್ನು ಬೇರೆಯವರಿಗೆ ಗಂಭೀರ ಹಾನಿ ಆಗುವಂತೆ ಬಳಸುವ ಹಕ್ಕಿಲ್ಲ ಎಂದಿತು. 1972ರ ಸ್ಟಾಕ್‌ಹೋಮ್ ಘೋಷಣೆಯ 21ನೇ ತತ್ತ್ವ ಇದನ್ನೇ ಎತ್ತಿಕೊಂಡಿತು. ಅರ್ಜೆಂಟೀನಾ ಮತ್ತು ಉರುಗ್ವೆ ನಡುವಿನ ಕಾಗದ ತಿರುಳಿನ ಕಾರ್ಖಾನೆಯ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ ‘ಡ್ಯೂ ಡಿಲಿಜೆನ್ಸ್’ ಅನ್ನು ಬಿಡಿಸಿ ಹೇಳಿತು. ಕನ್ನಡದಲ್ಲಿ ನಾನು ಇದನ್ನು ‘ತಕ್ಕ ಎಚ್ಚರ’ ಎನ್ನುತ್ತೇನೆ. ಹಾನಿ ಆಗದಂತೆ ತಡೆದೇ ತೀರುವ ಖಾತರಿಯನ್ನು ಅದು ಕೇಳುವುದಿಲ್ಲ, ತಡೆಯಲು ಕೈಲಾದದ್ದನ್ನೆಲ್ಲ ಮಾಡಿದೆಯಾ ಎಂದು ಕೇಳುತ್ತದೆ. ಕುಲುಮೆಯದು ಒಂದೇ ಚಿಮಣಿ, ಇಂಗಾಲದ್ದು ಲೆಕ್ಕವಿಲ್ಲದಷ್ಟು ಚಿಮಣಿಗಳು. ಹಳೆಯ ನಿಯಮ ಹೊಸ ಹೊಗೆಗೆ ಹೊಂದುತ್ತದೆಯೇ ಎಂಬುದು ಬಹುಕಾಲ ತೆರೆದ ಪ್ರಶ್ನೆಯಾಗಿತ್ತು.

ಎರಡನೆಯದು 1982ರ ಸಮುದ್ರ ಕಾನೂನು ಒಡಂಬಡಿಕೆ, ಮುಖ್ಯವಾಗಿ 192 ಮತ್ತು 194ನೇ ವಿಧಿ. ಮೂರನೆಯದು ಮಾನವ ಹಕ್ಕುಗಳು. ಓಜೋನ್ ರಕ್ಷಣೆಯ 1987ರ ಮಾಂಟ್ರಿಯಲ್ ಪ್ರೋಟೊಕಾಲ್ ಮತ್ತು ತಂಪುಕಾರಿ ಅನಿಲಗಳನ್ನು ತಗ್ಗಿಸುವ ಅದರ 2016ರ ಕಿಗಾಲಿ ತಿದ್ದುಪಡಿಯನ್ನೂ ಒಂದು ಸಂಜೆ ನೋಡಿ. ಬಿಗಿಯಾದ ಅಂಕಿ, ವೇಳಾಪಟ್ಟಿ, ನೆರವಿನ ಹಣ ಎಲ್ಲ ಇರುವ ಒಡಂಬಡಿಕೆ ಹೇಗಿರುತ್ತದೆಂದು ಗೊತ್ತಾಗುತ್ತದೆ.

ಒಂದು ಚಿಕ್ಕ ವಿಷಯ, ಬಹಳ ಜನ ಗಮನಿಸುವುದಿಲ್ಲ. 1992ರ ಒಡಂಬಡಿಕೆಗೆ ಯಾವ ದೇಶವೂ ಷರತ್ತು ಹಾಕಿ ಸೇರುವಂತಿಲ್ಲ. ಆದರೂ ಫಿಜಿ, ಕಿರಿಬಾಟಿ, ನೌರು, ಪಪುವಾ ನ್ಯೂ ಗಿನಿ, ಟುವಾಲು ಘೋಷಣೆಯೊಂದನ್ನು ಲಗತ್ತಿಸಿದವು: ನಾವು ಇದಕ್ಕೆ ಸೇರಿದ್ದೇವೆ ಎಂದ ಮಾತ್ರಕ್ಕೆ ದೇಶಗಳ ಹೊಣೆಗಾರಿಕೆಯ ಸಾಮಾನ್ಯ ಕಾನೂನಿನಡಿ ನಮಗಿರುವ ಹಕ್ಕನ್ನು ಬಿಟ್ಟುಕೊಟ್ಟಂತೆ ಅಲ್ಲ. ವಿಶ್ವಸಂಸ್ಥೆಯ ಒಡಂಬಡಿಕೆ ಸಂಗ್ರಹದ ಜಾಲತಾಣದಲ್ಲಿ, ಸದಸ್ಯರ ಪಟ್ಟಿಯ ಕೆಳಗೆ, ಈ ಘೋಷಣೆಗಳು ದಶಕಗಳ ಕಾಲ ಸದ್ದಿಲ್ಲದೆ ಬಿದ್ದಿದ್ದವು. ಒಡಂಬಡಿಕೆ ಓದುವಾಗ ಆ ಕೆಳಗಿನ ಭಾಗಕ್ಕೂ ಕಣ್ಣು ಹಾಯಿಸಿ.

ಹೆಜ್ಜೆ 5: ನ್ಯಾಯಾಲಯಗಳು, ಅದರಲ್ಲೂ 2025ರ ಜುಲೈ 23

ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಶುರುಮಾಡಿದ ಅಭಿಯಾನವನ್ನು ವನೌಟು ಸರ್ಕಾರ ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಎರಡು ಪ್ರಶ್ನೆಗಳನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಕಳಿಸಿತು: ಹವಾಮಾನವನ್ನು ಕಾಪಾಡಲು ದೇಶಗಳ ಕರ್ತವ್ಯಗಳೇನು, ಅವನ್ನು ಮೀರಿ ಹಾನಿ ಮಾಡಿದರೆ ಕಾನೂನಿನ ಪರಿಣಾಮವೇನು? 2024ರ ಡಿಸೆಂಬರ್‌ನಲ್ಲಿ 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ವಾದ ಮಂಡಿಸಿದವು. 2025ರ ಜುಲೈ 23ರಂದು ಸರ್ವಾನುಮತದ ಸಲಹಾತ್ಮಕ ಅಭಿಪ್ರಾಯ ಬಂತು.

ಓದುವ ಕ್ರಮ ಹೀಗಿರಲಿ. ಮೊದಲ ಪುಟದಿಂದ ಶುರುಮಾಡಬೇಡಿ, ನೂರನೇ ಪ್ಯಾರಾಕ್ಕೆ ಬರುವ ಮೊದಲೇ ನಿದ್ದೆ ಬರುತ್ತದೆ. ಕೊನೆಗೆ ಹೋಗಿ 457ನೇ ಪ್ಯಾರಾ ಓದಿ, ತೀರ್ಮಾನಗಳೆಲ್ಲ ಅಲ್ಲಿವೆ. ಆಮೇಲೆ ಹಿಂದಿರುಗಿ ಪ್ರಶ್ನೆಗಳನ್ನು ಓದಿ. ಬಳಿಕ ನಿಮ್ಮ ಪ್ಯಾರಿಸ್ ಹಾಳೆ ಪಕ್ಕದಲ್ಲಿಟ್ಟುಕೊಂಡು 4ನೇ ವಿಧಿಯ ಚರ್ಚೆ ಬರುವ ಭಾಗ ತೆಗೆಯಿರಿ. ಅಂಚಿನಲ್ಲಿ ಬರೆದಿಟ್ಟ ಅಭಿಪ್ರಾಯ ನೆನಪಿದೆಯಲ್ಲ? ನ್ಯಾಯಾಲಯ ಹೇಳಿದ್ದು: ಎನ್‌ಡಿಸಿಯಲ್ಲಿ ಏನು ಬರೆಯಬೇಕು ಎಂಬುದು ಪೂರ್ತಿ ಅವರವರ ಮರ್ಜಿಯಲ್ಲ. ತಕ್ಕ ಎಚ್ಚರದ ಕರ್ತವ್ಯ ಅಲ್ಲಿದೆ, ಅದರ ಮಟ್ಟ ಬಿಗಿಯಾದದ್ದು, ಎಲ್ಲ ಕೊಡುಗೆಗಳೂ ಸೇರಿ ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿ ಮಿತಿಯೊಳಗೆ ಹಿಡಿಯಬಲ್ಲಂತಿರಬೇಕು. ‘ಉದ್ದೇಶಿಸಿರುವ’ ಎಂಬ ಸಡಿಲ ಕ್ರಿಯಾಪದಕ್ಕೆ ಬೇಲಿಯಾಚೆಯ ರೂಢಿಗತ ಕಾನೂನು ಬೆನ್ನು ಕೊಟ್ಟು ನಿಲ್ಲಿಸಿದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ನಾನಂತೂ ನನ್ನ ಹಳೆಯ ಟಿಪ್ಪಣಿಯನ್ನು ಅಡ್ಡಗೆರೆ ಎಳೆದು ತಿದ್ದಬೇಕಾಯಿತು. ಬರೀ ಕ್ರಿಯಾಪದ ಎಣಿಸಿದ್ದೆ, ಅದರ ಸುತ್ತಲಿನ ಕಾನೂನನ್ನು ಎಣಿಸಿರಲಿಲ್ಲ.

ಇನ್ನೊಂದು ವಾದವೂ ಬಿದ್ದುಹೋಯಿತು. ಹವಾಮಾನ ಒಡಂಬಡಿಕೆಗಳೇ ಈ ಕ್ಷೇತ್ರದ ವಿಶೇಷ ಕಾನೂನು, ಉಳಿದದ್ದಕ್ಕೆ ಇಲ್ಲಿ ಜಾಗವಿಲ್ಲ ಎಂದು ಕೆಲವು ದೊಡ್ಡ ದೇಶಗಳು ವಾದಿಸಿದ್ದವು. ನ್ಯಾಯಾಲಯ ಒಪ್ಪಲಿಲ್ಲ. ಪಳೆಯುಳಿಕೆ ಇಂಧನ ತೆಗೆಯಲು ಪರವಾನಗಿ ಕೊಡುವುದು, ಸಬ್ಸಿಡಿ ಕೊಡುವುದೂ ಒಂದು ದೇಶದ ತಪ್ಪು ಕೃತ್ಯವಾಗಬಹುದು ಎಂದಿತು. ಪರಿಹಾರ ಕೇಳಬೇಕಾದರೆ ಕೃತ್ಯ ಮತ್ತು ಹಾನಿಯ ನಡುವೆ ಸಾಕಷ್ಟು ನೇರವಾದ, ಖಚಿತವಾದ ನಂಟು ತೋರಿಸಬೇಕು ಎಂದೂ ಹೇಳಿತು. ಮುಂದಿನ ಕುಸ್ತಿ ನಡೆಯುವುದು ಈ ನಂಟಿನ ಮೇಲೆ. ಮೊದಲ ಹೆಜ್ಜೆಯಲ್ಲಿ ಅರ್ಧಕ್ಕೆ ಬಿಟ್ಟ 2001ರ ವಿಧಿಗಳನ್ನು ಈಗ ತೆಗೆಯಿರಿ, ಕಥೆಯಂತೆ ಓದಿಸಿಕೊಂಡು ಹೋಗುತ್ತವೆ.

ಸಲಹಾತ್ಮಕ ಅಭಿಪ್ರಾಯ ತೀರ್ಪಿನಂತೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಅದು ವಿವರಿಸುವ ಕಾನೂನು ಕಟ್ಟಿಹಾಕುತ್ತದೆ. ಈ ಎರಡು ವಾಕ್ಯಗಳಲ್ಲಿ ಒಂದನ್ನಷ್ಟೇ ಹೇಳುವವರನ್ನು ನಂಬಬೇಡಿ.

ಇದಕ್ಕೂ ಮೊದಲು ಬಂದ ಎರಡು ಅಭಿಪ್ರಾಯಗಳನ್ನೂ ಜೊತೆಗಿಟ್ಟು ಓದಿ. ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2024ರ ಮೇ 21ರಂದು ಹಸಿರುಮನೆ ಅನಿಲ ಸಮುದ್ರದ ಮಾಲಿನ್ಯವೇ ಎಂದಿತು. ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ಚಿಲಿ ಮತ್ತು ಕೊಲಂಬಿಯಾದ ಕೋರಿಕೆಯ ಮೇಲೆ ಕೊಟ್ಟ, 2025ರ ಜುಲೈ 3ರಂದು ಪ್ರಕಟವಾದ ಅಭಿಪ್ರಾಯ ಮೂರರಲ್ಲಿ ಎಲ್ಲಕ್ಕಿಂತ ಧಾರಾಳಿ.

ದೇಶಗಳೊಳಗಿನ ಮತ್ತು ಪ್ರಾದೇಶಿಕ ಪ್ರಕರಣಗಳನ್ನು ಜೋಡಿ ಜೋಡಿಯಾಗಿ ಓದುವುದು ನನ್ನ ರೂಢಿ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಏಪ್ರಿಲ್ 9ರಂದು ಒಂದೇ ದಿನ ಮೂರು ಪ್ರಕರಣ ತೀರ್ಮಾನಿಸಿತು. ಸ್ವಿಟ್ಜರ್‌ಲೆಂಡಿನ ವಯಸ್ಸಾದ ಮಹಿಳೆಯರ ಸಂಘ ಗೆದ್ದಿತು. 33 ದೇಶಗಳ ಮೇಲೆ ದೂರು ಒಯ್ದಿದ್ದ ಪೋರ್ಚುಗಲ್ಲಿನ ಆರು ಮಂದಿ ಯುವಜನರ ಅರ್ಜಿ ಒಳಗೇ ಹೋಗಲಿಲ್ಲ. ತಮ್ಮ ದೇಶದ ನ್ಯಾಯಾಲಯಕ್ಕೆ ಮೊದಲು ಹೋಗಿರಲಿಲ್ಲ, ಬೇರೆ ದೇಶಗಳಿಗೆ ಇವರ ಮೇಲೆ ಕಾನೂನಿನ ವ್ಯಾಪ್ತಿಯೂ ಇರಲಿಲ್ಲ. ಗೆದ್ದದ್ದನ್ನು ಓದಿದರೆ ಹುರುಪು ಬರುತ್ತದೆ, ಸೋತದ್ದನ್ನು ಓದಿದರೆ ಕಾನೂನು ಬರುತ್ತದೆ. ಸ್ವಿಸ್ ಪ್ರಕರಣದಲ್ಲೂ ಗೆದ್ದದ್ದು ಸಂಘ. ಅದರೊಡನೆ ಅರ್ಜಿ ಹಾಕಿದ್ದ ನಾಲ್ವರು ಮಹಿಳೆಯರನ್ನು ವೈಯಕ್ತಿಕವಾಗಿ ‘ಸಂತ್ರಸ್ತರು’ ಎಂದು ಒಪ್ಪಲಿಲ್ಲ. ಹಾಗೆಯೇ ನೆದರ್‌ಲೆಂಡ್ಸ್‌ನ ಪರಿಸರ ಸಂಸ್ಥೆ ಉರ್ಗೆಂಡಾ ಸರ್ಕಾರದ ಮೇಲೆ ಹೂಡಿದ ಪ್ರಕರಣ. ಹೊರಸೂಸುವಿಕೆಯನ್ನು 2020ರೊಳಗೆ 1990ಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿಸತಕ್ಕದ್ದು ಎಂಬ ಆದೇಶವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್ 20ರಂದು ಎತ್ತಿಹಿಡಿಯಿತು. ಪಕ್ಕದಲ್ಲಿ ಅದೇ ದೇಶದ ಶೆಲ್ ಪ್ರಕರಣ ಇಡಿ. 2021ರಲ್ಲಿ ಕೆಳಗಿನ ನ್ಯಾಯಾಲಯ ಈ ತೈಲ ಕಂಪನಿಗೆ ಹೊರಸೂಸುವಿಕೆಯನ್ನು ಶೇ 45ರಷ್ಟು ಇಳಿಸುವ ಅಂಕಿ ಹಾಕಿತು. 2024ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕರ್ತವ್ಯ ಇದೆ ಎಂದು ಒಪ್ಪಿ ಅಂಕಿಯನ್ನು ಅಳಿಸಿತು. ಇಂಥ ಪ್ರಕರಣಗಳ ಮೂಲ ಕಡತ ಹುಡುಕಲು ಕೊಲಂಬಿಯಾ ವಿಶ್ವವಿದ್ಯಾಲಯದ ಸಬಿನ್ ಕೇಂದ್ರದ ದತ್ತಸಂಚಯ ಸಾಕು.

ಹೆಜ್ಜೆ 6: ವಿಜ್ಞಾನ, ಬೇಕಾದಷ್ಟು ಮಾತ್ರ

ಹವಾಮಾನ ವಿಜ್ಞಾನವನ್ನು ಒಟ್ಟುಗೂಡಿಸಿ ಅಳೆಯುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ಆರನೇ ವರದಿಯ ನೀತಿ ನಿರೂಪಕರ ಸಾರಾಂಶಗಳನ್ನು ಓದಿ. ಸಾವಿರಾರು ಪುಟದ ವರದಿಗಳ ಸಹವಾಸ ಬೇಡ. ಆ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಕೂತು ಸಾಲು ಸಾಲಾಗಿ ಒಪ್ಪಿರುತ್ತಾರೆ. ಆಮೇಲೆ ನ್ಯಾಯಾಲಯದಲ್ಲಿ ‘ವಿಜ್ಞಾನ ಇನ್ನೂ ಖಚಿತವಿಲ್ಲ’ ಎನ್ನಲು ಅದೇ ಸರ್ಕಾರಗಳಿಗೆ ಬಾಯಿ ಇರುವುದಿಲ್ಲ. ಕಾನೂನು ಓದುವವರಿಗೆ ಆ ದಾಖಲೆಯ ಬೆಲೆ ಇರುವುದು ಇದರಲ್ಲಿ.

ಹೆಜ್ಜೆ 7: ಕನ್ನಡದಲ್ಲಿ ಬರೆಯಿರಿ

ಓದುತ್ತ ಓದುತ್ತ ಒಂದು ಪದಕೋಶ ಕಟ್ಟಿಕೊಳ್ಳಿ. ಕೆಲವು ಪದಗಳು ಕಾಡುತ್ತವೆ. ವೆದರ್, ಕ್ಲೈಮೇಟ್ ಎರಡಕ್ಕೂ ನಾವು ಹವಾಮಾನ ಎಂದೇ ಅನ್ನುತ್ತೇವೆ. ಭೂಗೋಳದ ಪಠ್ಯದಲ್ಲಿದ್ದ ‘ವಾಯುಗುಣ’ ಆಡುಮಾತಿಗೆ ಬರಲೇ ಇಲ್ಲ. ‘ಮಿಟಿಗೇಷನ್’ಗೆ ಉಪಶಮನ ಎಂದರೆ ಓದುಗರಿಗೆ ಔಷಧಿ ಅಂಗಡಿ ನೆನಪಾಗುತ್ತದೆ. ನಾನು ‘ಹೊರಸೂಸುವಿಕೆ ತಗ್ಗಿಸುವುದು’ ಎಂದು ಬಿಡಿಸಿ ಬರೆಯುತ್ತೇನೆ. ‘ಅಡಾಪ್ಟೇಷನ್’ಗೆ ಹೊಂದಾಣಿಕೆ ಎಂದರೆ ರಾಜಿ ಮಾಡಿಕೊಂಡ ವಾಸನೆ ಬರುತ್ತದೆ, ಆದರೂ ಅದಕ್ಕಿಂತ ಒಳ್ಳೆಯದು ನನಗೆ ಹೊಳೆದಿಲ್ಲ. ಒಡಂಬಡಿಕೆ, ಒಪ್ಪಂದ, ನಿರ್ಣಯ, ಘೋಷಣೆ, ಅಭಿಪ್ರಾಯ, ತೀರ್ಪು: ಈ ಆರನ್ನು ಮಾತ್ರ ಎಂದೂ ಅದಲುಬದಲು ಮಾಡಬೇಡಿ.

ವಾರಕ್ಕೊಂದು ಪುಟ ಬರೆಯಿರಿ. ಕಾಪ್ ಮುಗಿದ ಮಾರನೆಯ ದಿನ ಸುದ್ದಿಯೊಂದನ್ನು ಕತ್ತರಿಸಿ ಎಡಕ್ಕೆ ಅಂಟಿಸಿ, ನಿರ್ಣಯದ ಆ ಪ್ಯಾರಾವನ್ನು ಬಲಕ್ಕೆ. ನಡುವೆ ಒಂದೇ ಸಾಲು: ಯಾರು, ಯಾವ ಕ್ರಿಯಾಪದ, ಯಾವ ವಿಧಿಯ ಬಲದ ಮೇಲೆ. ನನ್ನ ಇಂಥ ಪುಟಗಳಲ್ಲಿ ಎಡಗಡೆ ‘ಜಗತ್ತು ಒಪ್ಪಿತು’ ಎಂದೂ ಬಲಗಡೆ ‘ಆಹ್ವಾನಿಸುತ್ತದೆ’ ಎಂದೂ ಇರುವ ಹಾಳೆಗಳೇ ಹೆಚ್ಚು.